ಕುಡಿತ ಬಿಟ್ಟವರ ಕೂಟ: ಅದನ್ನು ಹುಡುಕಿಕೊಳ್ಳುವ ಬಗೆ

"ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ" ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲದ ಕೆಲಸಕ್ಕೂ ಮನೆಯ ಮದುವೆಗೂ ಸಮನಾಗಿ ಹೇಳುತ್ತ ಬಂದಿದ್ದಾರೆ. ಜಹೀರಾಬಾದಿನ ಕಬ್ಬು ಕಡಿಯುವುದಾಗಲಿ, ತಾಂಡೂರಿನ ತೊಗರಿ ರಾಶಿ ಮಾಡುವುದಾಗಲಿ, ಒಬ್ಬನ ಕೈಯಿಂದ ಆಗದುದು ಹತ್ತು ಕೈ ಸೇರಿದರೆ ಹಗುರಾಗುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕುಡಿತವನ್ನು ಬಿಡುವ ಕೆಲಸದಲ್ಲಿ ಮಾತ್ರ ಈ ಗಾದೆಯನ್ನು ನಾವು ಮರೆತುಬಿಟ್ಟಿದ್ದೇವೆ. ಅದನ್ನು ಒಬ್ಬನೇ, ಯಾರಿಗೂ ತಿಳಿಯದಂತೆ, ಬರಿಯ ಮನಸ್ಸಿನ ಬಲದಿಂದ ಮಾಡತಕ್ಕುದೆಂದು ಬಗೆಯುತ್ತೇವೆ. ಮಾಡಲಾರದೆ ಹೋದವನನ್ನು ಹೇಡಿಯೆಂದು ಜರೆಯುತ್ತೇವೆ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಇಂತಹ ವಿಷಯವೇಕೆಂದು ಕೆಲವರು ಪೋಷಕರು ಕೇಳಬಹುದು. ಮನೆಯೊಳಗೆ ಕುಡಿತ ಹೊಕ್ಕರೆ ಅದರ ಗುರುತು ಬೇಗನೆ ಮೂಡುವುದು ಶಾಲೆಯ ಹಾಜರಿ ಪುಸ್ತಕದಲ್ಲಿ. ಸೋಮವಾರದ ಗೈರುಹಾಜರಿ, ಅರ್ಧಕ್ಕೆ ನಿಂತ ಮನೆಪಾಠ, ಪಾಠದ ನಡುವೆ ತೂಕಡಿಸುವ ಹುಡುಗ, ತಮ್ಮನನ್ನು ನೋಡಿಕೊಳ್ಳಲೆಂದು ಮನೆಯಲ್ಲೇ ಉಳಿದ ಹುಡುಗಿ, ಇವುಗಳ ಅರ್ಥ ಉಪಾಧ್ಯಾಯನಾದವನಿಗೆ ತಿಳಿಯದೆ ಇರದು. ಗಡಿನಾಡಿನಲ್ಲಿರುವ ನಮ್ಮ ಕನ್ನಡ ಶಾಲೆಗಳಲ್ಲಿ ಒಂದು ಮಗು ಓದು ಬಿಟ್ಟರೂ ಅದು ದೊಡ್ಡ ನಷ್ಟವೇ. ಆದುದರಿಂದ, ಕುಡಿತವನ್ನು ಬಿಡಬಯಸುವವನಿಗೆ ನೆರವಾಗುವ ಕೂಟ ಎಂದರೇನು, ಅದರಿಂದ ಪ್ರಯೋಜನವಾಗುವುದು ಹೇಗೆ, ನಮ್ಮ ಜಹೀರಾಬಾದು, ನಾರಾಯಣಖೇಡ, ತಾಂಡೂರು ಭಾಗದವರು ಅದನ್ನು ಕಂಡುಕೊಳ್ಳುವ ಮಾರ್ಗ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಇದು ಚಟ ಮಾತ್ರವಲ್ಲ, ರೋಗ

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಕುಡಿತದ ಅಧೀನತೆಯನ್ನು ಇಂದಿನ ವೈದ್ಯಶಾಸ್ತ್ರವು ರೋಗವೆಂದೇ ಗಣಿಸುತ್ತದೆ ಎಂಬುದು. ದಿನದಿನವೂ ಮದ್ಯ ಒಳಹೊಕ್ಕಂತೆ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಒಂದು ಲೋಟದಿಂದ ಏರುತ್ತಿದ್ದ ಅಮಲು ಮೂರು ಲೋಟಕ್ಕೂ ಏರದಂತಾಗುತ್ತದೆ. ಕೊನೆಗೆ ಸಂತೋಷಕ್ಕಾಗಿ ಕುಡಿಯುವುದು ತಪ್ಪಿ, ಕೈನಡುಕವನ್ನು ನಿಲ್ಲಿಸುವುದಕ್ಕಾಗಿ ಕುಡಿಯುವ ಸ್ಥಿತಿ ಬರುತ್ತದೆ. ಆ ಹೊತ್ತಿಗೆ "ಬಿಡುತ್ತೇನೆ" ಎಂಬ ಮಾತು ಸುಳ್ಳಲ್ಲ. ಹೇಳುವಾಗ ಅವನು ಮನಸಾರೆ ಹೇಳಿರುತ್ತಾನೆ. ಆದರೆ ಸಂಜೆಯಾಗುತ್ತಲೇ ಮೈ ಅವನ ಮಾತನ್ನು ಕೇಳುವುದಿಲ್ಲ.

ತಾನು ಆ ಸ್ಥಿತಿಗೆ ಬಂದಿರುವೆನೋ ಇಲ್ಲವೋ ಎಂದು ಅರಿಯಲು ವೈದ್ಯರು ಬಳಸುವ ನಾಲ್ಕು ಸುಲಭವಾದ ಪ್ರಶ್ನೆಗಳಿವೆ. ಕುಡಿತವನ್ನು ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿತೆ? ಕುಡಿತದ ಮಾತನ್ನು ಯಾರಾದರೂ ಎತ್ತಿದರೆ ಸಿಟ್ಟು ಬಂದಿತೆ? ಕುಡಿದುದಕ್ಕಾಗಿ ಒಳಗೊಳಗೇ ನೊಂದುಕೊಂಡದ್ದುಂಟೆ? ಬೆಳಗಾಗೆದ್ದು ನಡುಕ ಹೋಗಲೆಂದು ಕುಡಿದದ್ದುಂಟೆ? ಇವುಗಳಲ್ಲಿ ಎರಡಕ್ಕಾದರೂ ಹೌದೆಂಬ ಉತ್ತರ ಬಂದರೆ ವೈದ್ಯರನ್ನು ಕಾಣತಕ್ಕ ಕಾಲ ಬಂದಿದೆಯೆಂದು ತಿಳಿಯಬೇಕು. ಈ ಪ್ರಶ್ನೆಗಳನ್ನು ಪ್ರತಿಯೊಬ್ಬನೂ ತನಗೆ ತಾನೇ ಕೇಳಿಕೊಳ್ಳತಕ್ಕದ್ದು. ಹೆಂಡತಿ ಮಕ್ಕಳು ಎದುರು ನಿಂತು ವಿಚಾರಣೆ ಮಾಡಲೆಂದು ಇವನ್ನು ಬರೆದುದಲ್ಲ.

ಕೇಂದ್ರ ಸರಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿದ ಸಮೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಜನರು ಅದಕ್ಕೆ ಪೂರ್ತಿ ಅಧೀನರಾಗಿದ್ದಾರೆ. ಇನ್ನೂ ಖೇದಕರವಾದ ಅಂಶವೆಂದರೆ, ಹೀಗೆ ಅಧೀನರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿಯ ನೆರವಿಗೆ ಯಾರೂ ಬಂದಿರಲಿಲ್ಲ.

ಒಮ್ಮೆಲೇ ಬಿಡುವುದರ ಅಪಾಯ

ಬಹುಕಾಲ ಬಹಳವಾಗಿ ಕುಡಿದವನು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ನಿಲ್ಲಿಸಿದ ಮೊದಲ ದಿನವೇ ಕೈನಡುಕ, ಬೆವರು, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತಹ ಸೆಳೆತಗಳು ಬರುತ್ತವೆ. ಎರಡು ಮೂರನೆಯ ದಿನ ಇನ್ನು ಕೆಲವರಿಗೆ ಭ್ರಮೆ ಕವಿದು, ಇಲ್ಲದುದು ಕಂಡು, ಮನೆಯವರ ಗುರುತೇ ಹತ್ತದಂತಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣವೂ ಹೋಗಬಹುದು. ಇದನ್ನು ಗಾಳಿಸೋಕಿದುದೆಂದು ತಿಳಿದು ಮಂತ್ರ ಹಾಕಿಸಲು ಒಯ್ಯುವ ಮನೆಗಳುಂಟು. ಒಯ್ಯಬೇಕಾದುದು ಆಸ್ಪತ್ರೆಗೆ. ಅಲ್ಲಿ ಕೆಲವು ದಿನ ಔಷಧವನ್ನೂ ಬಿ-1 ಜೀವಸತ್ವವನ್ನೂ ಕೊಟ್ಟು ಈ ಗಂಡಾಂತರವನ್ನು ದಾಟಿಸುತ್ತಾರೆ.

ನಮ್ಮ ತೆಲಂಗಾಣದಲ್ಲಿ ಇನ್ನೊಂದು ವಿಶೇಷ ಅಪಾಯವಿದೆ. ಇಲ್ಲಿ ಗಂಡಸರಷ್ಟೇ ಅಲ್ಲದೆ ಎಷ್ಟೋ ಮಂದಿ ಹೆಂಗಸರೂ ಕೂಲಿ ಮುಗಿಸಿ ಬಂದು ಸೇಂದಿ ಕುಡಿಯುವ ವಾಡಿಕೆಯಿದೆ. ಮರದಿಂದ ಇಳಿಸಿದ ಸೇಂದಿಯ ಹೆಸರಿನಲ್ಲಿ ಕಲ್ಲು ಕಾಂಪೌಂಡುಗಳಲ್ಲಿ ಮಾರುವ ಪಾನೀಯಕ್ಕೆ ಕೆಲವೆಡೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಮೊದಲಾದ ಮತ್ತಿನ ರಾಸಾಯನಿಕಗಳನ್ನು ಬೆರೆಸುವುದು ಮತ್ತೆ ಮತ್ತೆ ಪತ್ತೆಯಾಗಿದೆ. 2015ರಲ್ಲಿ ಅಬಕಾರಿ ಇಲಾಖೆಯವರು ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ ಮಹಬೂಬನಗರ, ನಿಜಾಮಾಬಾದು ಮೊದಲಾದ ಜಿಲ್ಲೆಗಳಲ್ಲಿ ನೂರಾರು ಜನರು ನಡುಕ, ಸೆಳೆತ, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣವನ್ನೂ ಕಳೆದುಕೊಂಡರು. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನಿನಿಂದ ಅಂಗಡಿಗಳು ಮುಚ್ಚಿದಾಗಲೂ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಇಂತಹ ರೋಗಿಗಳು ಗುಂಪುಗುಂಪಾಗಿ ಬಂದರು. ಕುಡಿಯುವುದು ಸಾರಾಯಿಯನ್ನೋ ಸೇಂದಿಯನ್ನೋ ಎಂಬುದನ್ನು ವೈದ್ಯರಿಗೆ ಮರೆಮಾಚದೆ ಹೇಳಬೇಕೆಂಬುದು ಇದಕ್ಕಾಗಿಯೇ.

"ಕುಡುಕನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿರಿ" ಎಂದು ಜಾಹೀರಾತು ಮಾಡುವ ಪುಡಿಗಳನ್ನು ತಾಯಂದಿರು ಎಂದಿಗೂ ಕೊಳ್ಳಬಾರದು. ಡೈಸಲ್ಫಿರಾಮ್ ಎಂಬ ಔಷಧವನ್ನು ತೆಗೆದುಕೊಂಡವನು ಮದ್ಯ ಕುಡಿದರೆ ಎದೆಬಡಿತ, ವಾಂತಿ, ರಕ್ತದೊತ್ತಡದ ಕುಸಿತ ಉಂಟಾಗುವುದು ನಿಜ. ಆದರೆ ರೋಗಿ ತಾನೇ ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರಿನಲ್ಲಿ ತೆಗೆದುಕೊಂಡಾಗ ಮಾತ್ರ ಅದು ಔಷಧ. ತಿಳಿಯದೆ ಉಂಡು ಮೇಲೆ ಕುಡಿದವನಿಗೆ ಅದು ವಿಷವಾಗಬಲ್ಲುದು.

ಕಾನೂನೊಂದೇ ಸಾಲದು, ಆಣೆಯೊಂದೇ ಸಾಲದು

ಅಂಗಡಿಗಳನ್ನು ಮುಚ್ಚಿದರೆ ಎಲ್ಲವೂ ಸರಿಹೋಗುವುದೆಂದು ಕೆಲವರು ಹೇಳುತ್ತಾರೆ. ಆ ಪ್ರಯೋಗವನ್ನು ನಮ್ಮ ರಾಜ್ಯವೇ ಕಂಡಿದೆ. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತ, ಓದಿದ ಪಾಠದಿಂದ ಎಚ್ಚರಗೊಂಡು, 1992ರಲ್ಲಿ ಸಾರಾಯಿ ಅಂಗಡಿಯ ವಿರುದ್ಧ ನಿಂತರು. ಅವರ ಚಳವಳಿ ಅಂದಿನ ಆಂಧ್ರಪ್ರದೇಶವನ್ನೆಲ್ಲ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧ ಬಂದಿತು. ಆದರೆ 1997ರಲ್ಲಿ ಸರಕಾರವು ಅದನ್ನು ಹಿಂತೆಗೆದುಕೊಂಡಿತು. ಅಕ್ಷರ ಕಲಿತ ತಾಯಂದಿರು ಎಷ್ಟು ದೊಡ್ಡ ಕೆಲಸ ಮಾಡಬಲ್ಲರೆಂಬುದಕ್ಕೆ ಇದು ಉಜ್ವಲ ನಿದರ್ಶನ. ಆದರೆ ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದೇ ಹೊರತು ಕುಡಿಯುವವನ ಒಳಗಿನ ಬಯಕೆಯನ್ನು ಮುಚ್ಚಲಾರದು ಎಂಬುದಕ್ಕೂ ಇದೇ ನಿದರ್ಶನ.

ಇನ್ನು ಆಣೆಯ ಮಾತು. ದೇವರ ಮುಂದೆ ದೀಪ ಮುಟ್ಟಿ, ಮಗನ ತಲೆ ಮುಟ್ಟಿ ಆಣೆ ಮಾಡಿದವರನ್ನು ನಾವೆಲ್ಲ ಬಲ್ಲೆವು. ಆಣೆ ಒಂದು ಗಳಿಗೆಯದು. ಸಂಜೆಯಾದರೋ ಪ್ರತಿದಿನವೂ ಬರುತ್ತದೆ. ಆಣೆಗೂ ಪ್ರತಿದಿನದ ಸಂಜೆಗೂ ನಡುವೆ ಒಂದು ಆಸರೆ ಬೇಕು. ಆ ಆಸರೆಯೇ ಕೂಟ.

ಕನ್ನಡ ನಾಡು ಕಂಡ ದಾರಿಗಳು

ಈ ತತ್ತ್ವ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬುವನೊಬ್ಬನು. ಅವನ ಕಾಯಕ ಹೆಂಡ ಮಾರುವುದು. ಅಂಗಡಿಗೆ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ ಅವರನ್ನು ತಿದ್ದುತ್ತಿದ್ದನೆಂದು ಶರಣ ಪರಂಪರೆ ಹೇಳುತ್ತದೆ. ಕುಡಿಯುವವರ ಮನಸ್ಸನ್ನು ಹತ್ತಿರದಿಂದ ಕಂಡವನ ಮಾತು ಕುಡಿಯುವವನ ಎದೆಗೆ ಬೇಗ ತಾಗುತ್ತದೆ ಎಂಬ ಮರ್ಮ ಈ ಕಥೆಯಲ್ಲಿದೆ.

ನಮ್ಮ ಕಾಲಕ್ಕೆ ಬಂದರೆ, ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು (1930-2018) 1975ರಲ್ಲಿ "ಮಹಾಂತ ಜೋಳಿಗೆ"ಯನ್ನು ಹಿಡಿದು ಹೊರಟರು. ಜಂಗಮರ ಜೋಳಿಗೆಗೆ ಜನ ಜೋಳವನ್ನೋ ಕಾಸನ್ನೋ ಹಾಕುವುದು ವಾಡಿಕೆ. ಸ್ವಾಮಿಗಳಾದರೋ ಹಳ್ಳಿ ಹಳ್ಳಿಗಳ ಮನೆಬಾಗಿಲಿಗೆ ಹೋಗಿ, "ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ" ಎಂದು ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಬೈಯದೆ, ಹೊಡೆಯದೆ, ಕುಡಿಯುವವನ ಮುಂದೆ ಬೇಡುವವನಾಗಿ ನಿಂತ ಈ ರೀತಿ ಎಲ್ಲರೂ ಗಮನಿಸತಕ್ಕುದು.

ಆಣೆಯ ನಂತರದ ಆಸರೆಯನ್ನು ವ್ಯವಸ್ಥಿತವಾಗಿ ರೂಪಿಸಿದವರು ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು. 1982ರಲ್ಲಿ ಆರಂಭವಾದ ಈ ಯೋಜನೆಯು ಜನಜಾಗೃತಿ ವೇದಿಕೆಯೊಡನೆ ಕೂಡಿ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಊರವರೇ ಸಮಿತಿ ಮಾಡಿಕೊಂಡು ಸ್ಥಳ, ಊಟ, ಉಪಚಾರಗಳನ್ನು ಒದಗಿಸುತ್ತಾರೆ. ಶಿಬಿರದಲ್ಲಿ ಉಪದೇಶ, ಯೋಗ, ಭಜನೆ, ಆಪ್ತಸಲಹೆಗಳು ನಡೆಯುತ್ತವೆ, ಮನೆಯವರನ್ನೂ ಕರೆಸಿ ಮಾತನಾಡಿಸುತ್ತಾರೆ. ಇಲ್ಲಿ ಮುಖ್ಯವಾದುದು ಒಂಬತ್ತನೆಯ ದಿನ. ಶಿಬಿರ ಮುಗಿಸಿದವರನ್ನು ಹಾಗೆಯೇ ಬಿಟ್ಟುಬಿಡದೆ, ಅವರನ್ನು "ನವಜೀವನ ಸಮಿತಿ"ಯಾಗಿ ಕೂಡಿಸುತ್ತಾರೆ. ಸದಸ್ಯರು ಸೇರುತ್ತಿರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ, ಕುಡಿಯದೆ ನೂರು ದಿನ ಕಳೆದುದನ್ನು ಶತದಿನೋತ್ಸವವೆಂದು ಆಚರಿಸುತ್ತಾರೆ. ಮೊನ್ನೆಯವರೆಗೆ ಊರು ನಕ್ಕ ಮನುಷ್ಯನನ್ನು ಅದೇ ಊರು ಕರೆದು ಹೂಮಾಲೆ ಹಾಕಿದರೆ, ಅವನು ಆ ಮಾಲೆಗೆ ತಕ್ಕಂತೆ ನಡೆಯಲು ಹೆಣಗುತ್ತಾನೆ.

ಹೆಸರು ಹೇಳದವರ ಕೂಟ

ಜಗತ್ತಿನಲ್ಲೆಲ್ಲ ಹರಡಿರುವ ಇಂತಹ ಕೂಟವೆಂದರೆ "ಆಲ್ಕೊಹಾಲಿಕ್ಸ್ ಅನಾನಿಮಸ್", ಎಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಬಳಗ. ಸಂಕ್ಷೇಪವಾಗಿ "ಎ.ಎ." ಎನ್ನುತ್ತಾರೆ. ಅದು ಹುಟ್ಟಿದ ಕಥೆ ಮಕ್ಕಳೂ ಅರಿಯತಕ್ಕುದು. ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯಾಪಾರಿ ಕುಡಿತದಿಂದ ಹಾಳಾಗಿ, ಚಿಕಿತ್ಸೆ ಪಡೆದು, ಕೆಲವು ತಿಂಗಳಿಂದ ಕುಡಿಯದೆ ಇದ್ದನು. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಆಕ್ರನ್ ಎಂಬ ಊರಿಗೆ ಹೋದನು. ವ್ಯವಹಾರ ಕೆಟ್ಟಿತು. ತಂಗಿದ್ದ ಹೋಟೆಲಿನಲ್ಲಿ ಒಂದು ಕಡೆ ಮದ್ಯದ ಕೋಣೆ, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನತ್ತ ನಡೆದು, ಊರಿನ ಪಾದ್ರಿಗಳಿಗೆ ಕರೆಮಾಡಿ, ತನ್ನಂತೆಯೇ ಕುಡಿತದಿಂದ ನೊಂದವರು ಇಲ್ಲಿ ಯಾರಾದರೂ ಇರುವರೇ ಎಂದು ಕೇಳಿದನು. ಹಾಗೆ ದೊರೆತವರು ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಹದಿನೈದು ನಿಮಿಷವೆಂದು ಗೊತ್ತುಮಾಡಿಕೊಂಡ ಅವರ ಭೇಟಿ ಗಂಟೆಗಟ್ಟಲೆ ನಡೆಯಿತು. ಆ ವೈದ್ಯರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಆ ಬಳಗದ ಹುಟ್ಟುದಿನವೆಂದು ಎಣಿಸುತ್ತಾರೆ. ಇಬ್ಬರೂ ಸಾಯುವವರೆಗೆ ಮತ್ತೆ ಕುಡಿಯಲಿಲ್ಲ.

ವಿಲ್ಸನ್ ಅಂದು ಇನ್ನೊಬ್ಬನನ್ನು ಉದ್ಧರಿಸಲೆಂದು ಹುಡುಕಲಿಲ್ಲ. ತಾನು ಉಳಿಯಬೇಕೆಂದು ಹುಡುಕಿದನು. ನೆರವು ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭೇದ ಅಲ್ಲಿರಲಿಲ್ಲ. ಹತ್ತು ವರ್ಷಗಳಿಂದ ಕುಡಿಯದವನು ನಿನ್ನೆ ಬಿಟ್ಟವನಿಗೆ ದಾರಿ ತೋರಿಸುತ್ತಾನೆ. ನಿನ್ನೆ ಬಿಟ್ಟವನ ನಡುಗುವ ಕೈ ಹತ್ತು ವರ್ಷದವನಿಗೆ ತಾನು ಬಂದ ದಾರಿಯನ್ನು ನೆನಪಿಸುತ್ತದೆ. ಕೂಟದ ಬಲವೆಲ್ಲ ಇದರಲ್ಲಿಯೇ ಅಡಗಿದೆ.

ಭಾರತದಲ್ಲಿ ಈ ಕೂಟಗಳು 1957ರಿಂದ ನಡೆಯುತ್ತಿವೆ. ಅವುಗಳ ಕ್ರಮ ಬಹು ಸರಳ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಂದು ಕೋಣೆಯಲ್ಲಿ ಸೇರುತ್ತಾರೆ, ಒಂದು ಒಂದೂವರೆ ಗಂಟೆ ಕೂಡುತ್ತಾರೆ. ಸದಸ್ಯನಾಗಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಇಚ್ಛೆ. ಶುಲ್ಕವಿಲ್ಲ. ಚಹಾ ಮತ್ತು ಕೋಣೆಯ ಬಾಡಿಗೆಗೆಂದು ಚೀಲವೊಂದು ಸುತ್ತಿ ಬರುತ್ತದೆ, ಸದಸ್ಯರು ಇಷ್ಟವಿದ್ದಷ್ಟು ಹಾಕಬಹುದು. ಹೊರಗಿನವರ ದಾನವನ್ನು ಅವರು ಸ್ವೀಕರಿಸುವುದಿಲ್ಲ. ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಮಾತನಾಡಲು ಮನಸ್ಸಿಲ್ಲದವನು ಸುಮ್ಮನೆ ಕುಳಿತು ಕೇಳಬಹುದು. ಅಲ್ಲಿ ಕೇಳಿದ ಮಾತು ಹೊರಗೆ ಹೋಗುವಂತಿಲ್ಲ. ಜನ್ಮವಿಡೀ ಬಿಡುವ ಪ್ರತಿಜ್ಞೆಯನ್ನು ಅವರು ಕೇಳುವುದಿಲ್ಲ. ಇಂದಿನ ಒಂದು ದಿನ, ಮೊದಲ ಗುಟುಕನ್ನು ಮುಟ್ಟದೆ ಇರೋಣ ಎನ್ನುತ್ತಾರೆ. ದೇವರ ಮಾತು ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಬರುತ್ತದೆ; ಆದರೆ ಯಾವ ದೇವರು, ಯಾವ ರೂಪ ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ಹಿಂದೂ, ಮುಸಲ್ಮಾನ, ಕ್ರೈಸ್ತರೆಂಬ ಭೇದ ಅಲ್ಲಿಲ್ಲ.

ಇದು ಬರಿಯ ನಂಬಿಕೆಯ ಮಾತೂ ಅಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆಯ ಪರವಾಗಿ ತಜ್ಞರು 27 ಅಧ್ಯಯನಗಳನ್ನು, ಒಟ್ಟು 10,565 ಜನರ ವಿವರಗಳನ್ನು ಪರಿಶೀಲಿಸಿದರು. ಈ ಕೂಟದ ಕಡೆಗೆ ಕ್ರಮವಾಗಿ ನಡೆಸಿಕೊಂಡು ಹೋದವರಲ್ಲಿ ನೂರಕ್ಕೆ 42 ಮಂದಿ ಒಂದು ವರ್ಷದ ನಂತರವೂ ಪೂರ್ತಿ ಬಿಟ್ಟಿದ್ದರು. ಇತರ ಆಪ್ತಸಲಹೆಗಳನ್ನು ಪಡೆದವರಲ್ಲಿ 35 ಮಂದಿ ಬಿಟ್ಟಿದ್ದರು. ನೂರಕ್ಕೆ ನೂರು ಗುಣವಾಗುವುದೆಂದು ಇದರ ಅರ್ಥವಲ್ಲ. ಜಾರಿ ಬೀಳುವವರು ಬಹಳ. ಆದರೆ ಬಿದ್ದವನು ಮರುವಾರ ಮತ್ತೆ ಬಂದು ಕುಳಿತರೆ ಅವನನ್ನು ಯಾರೂ ಹೀಯಾಳಿಸದ ಸ್ಥಳ ಊರಿನಲ್ಲಿ ಒಂದಾದರೂ ಇರಬೇಕಷ್ಟೆ.

ಮನೆಯವರಿಗೂ ಮಕ್ಕಳಿಗೂ

ಕುಡಿಯುವವನು ಬರಲೊಪ್ಪದಿದ್ದರೆ ಮನೆಯವರು ಏನು ಮಾಡಬೇಕು? ಅವರಿಗಾಗಿಯೇ ಬೇರೆ ಬಳಗವಿದೆ. 1951ರಲ್ಲಿ ಬಿಲ್ ವಿಲ್ಸನ್ನನ ಪತ್ನಿ ಲೋಯಿಸ್ ಮತ್ತು ಆಕೆಯ ಗೆಳತಿ ಸೇರಿ "ಅಲ್-ಅನಾನ್" ಎಂಬ ಕುಟುಂಬದವರ ಕೂಟವನ್ನು ಕಟ್ಟಿದರು. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹದಿನೇಳು ವರ್ಷದ ಹುಡುಗನೊಬ್ಬನು ತನ್ನಂತಹ ಮಕ್ಕಳಿಗಾಗಿ "ಅಲಟೀನ್" ಎಂಬುದನ್ನು ಆರಂಭಿಸಿದನು. ಗಂಡ ಕುಡಿಯುತ್ತಿರುವಾಗಲೂ ಹೆಂಡತಿ ಇಂತಹ ಕೂಟಕ್ಕೆ ಹೋಗಬಹುದು. ಅವನ ಸಾಲ ತೀರಿಸುವುದು, ಅವನ ಪರವಾಗಿ ಕೆಲಸದ ಯಜಮಾನರಿಗೆ ಸುಳ್ಳು ಹೇಳುವುದು, ನೆರೆಹೊರೆಗೆ ಮುಚ್ಚಿಡುವುದು, ಇವೆಲ್ಲ ಪ್ರೀತಿಯಿಂದ ಮಾಡಿದರೂ ರೋಗವನ್ನು ಬೆಳೆಸುತ್ತವೆ ಎಂಬುದನ್ನು ಅಲ್ಲಿ ಕಲಿಯುತ್ತಾರೆ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಮೂರು ಮಾತು. ನಿಮ್ಮ ಮನೆಯಲ್ಲಿ ಅಪ್ಪನೋ ಅವ್ವನೋ ಅಣ್ಣನೋ ಕುಡಿಯುತ್ತಿದ್ದರೆ ಅದಕ್ಕೆ ಕಾರಣ ನೀವಲ್ಲ. ನೀವು ಕಡಿಮೆ ಅಂಕ ತೆಗೆದುದರಿಂದಾಗಲಿ, ಶುಲ್ಕ ಕೇಳಿದುದರಿಂದಾಗಲಿ ಅವರು ಕುಡಿಯುತ್ತಿಲ್ಲ. ಎರಡನೆಯದಾಗಿ, ಅವರನ್ನು ಗುಣಪಡಿಸುವ ಹೊಣೆಯೂ ನಿಮ್ಮದಲ್ಲ. ಬಾಟಲಿಯನ್ನು ಅಡಗಿಸಲು, ಅಮಲಿನಲ್ಲಿರುವವರೊಡನೆ ವಾದಿಸಲು ಹೋಗಬೇಡಿರಿ. ಅಂತಹ ಹೊತ್ತಿನಲ್ಲಿ ತಮ್ಮ ತಂಗಿಯರನ್ನು ಕರೆದುಕೊಂಡು ಅಜ್ಜಿಯ ಮನೆಗೋ ನೆರೆಯವರಲ್ಲಿಗೋ ಹೋಗಿರಿ. ಮೂರನೆಯದಾಗಿ, ನೀವು ನಂಬುವ ಒಬ್ಬ ದೊಡ್ಡವರಿಗೆ ಹೇಳಿರಿ. ನಿಮ್ಮ ಉಪಾಧ್ಯಾಯರಿಗೆ ಹೇಳಿದರೆ ಅದು ತರಗತಿಯ ಮಾತಾಗುವುದಿಲ್ಲ. ಹೊಡೆತ ಬಡಿತ ನಡೆಯುತ್ತಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಹಣವಿಲ್ಲದೆ ಕರೆ ಮಾಡಬಹುದು.

ನಮ್ಮ ಭಾಗದಲ್ಲಿ ಹುಡುಕುವ ಕ್ರಮ

ಜಹೀರಾಬಾದು, ನಾರಾಯಣಖೇಡಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಇಂದು ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೂ ಮೂರನೆಯದು ವಿಕಾರಾಬಾದು ಜಿಲ್ಲೆಗೂ ಸೇರಿವೆ. ಗಡಿಯಲ್ಲಿರುವುದನ್ನು ನಾವು ತೊಂದರೆಯೆಂದೇ ಎಣಿಸುತ್ತೇವೆ. ಈ ವಿಷಯದಲ್ಲಿ ಮಾತ್ರ ಅದು ಅನುಕೂಲ, ಎರಡೂ ರಾಜ್ಯಗಳ ಬಾಗಿಲು ನಮಗೆ ಹತ್ತಿರವಿದೆ.

ಮೊದಲ ಹೆಜ್ಜೆ ಟೆಲಿಫೋನು. ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14446. ಮನಸ್ಸಿನ ಆರೋಗ್ಯಕ್ಕಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಂಖ್ಯೆ 14416. ಕುಡಿಯುವವನೂ ಕರೆಮಾಡಬಹುದು, ಮನೆಯವರೂ ಕರೆಮಾಡಬಹುದು. ಹತ್ತಿರದ ಚಿಕಿತ್ಸಾ ಕೇಂದ್ರ ಯಾವುದೆಂದು ಕೇಳಿ ಬರೆದುಕೊಳ್ಳಿರಿ.

ಎರಡನೆಯದು ಆಸ್ಪತ್ರೆ. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸರಕಾರಿ ಆಸ್ಪತ್ರೆಗಳಲ್ಲಿ ಮೊದಲು ತೋರಿಸಿ, ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಎಲ್ಲಿ, ಯಾವ ದಿನ ದೊರೆಯುವರೆಂದು ವಿಚಾರಿಸಬೇಕು. ಈ ಕಾರ್ಯಕ್ರಮದ ಮಾದರಿ ರೂಪುಗೊಂಡುದು ಕನ್ನಡ ನಾಡಿನಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕನ್ನಡದಲ್ಲಿ ಮಾತನಾಡಿದರೆ ಮನಸ್ಸು ಬಿಚ್ಚಬಲ್ಲವರಿಗೆ ಜಹೀರಾಬಾದಿನಿಂದ ಸುಮಾರು 30 ಕಿಲೋಮೀಟರ್ ದೂರದ ಬೀದರದಲ್ಲಿಯೂ, ತಾಂಡೂರಿನವರಿಗೆ ರೈಲಿನ ದಾರಿಯಲ್ಲಿರುವ ಕಲಬುರಗಿಯಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಕಠಿಣವಾದ ರೋಗಿಗಳಿಗೆ ಹೈದರಾಬಾದಿನ ಎರ್ರಗಡ್ಡದ ಸಂಸ್ಥೆ ಇದೆ.

ಮೂರನೆಯದು ಕೂಟ. ಆಸ್ಪತ್ರೆಯಿಂದ ಹೊರಡುವ ಮುನ್ನವೇ, "ಬಿಟ್ಟವರ ಕೂಟ ಎಲ್ಲಿ ಸೇರುತ್ತದೆ?" ಎಂದು ವೈದ್ಯರನ್ನೂ ದಾದಿಯರನ್ನೂ ಕೇಳಿರಿ. ಎ.ಎ. ಕೂಟಗಳು ಹೈದರಾಬಾದು, ಸಿಕಂದರಾಬಾದುಗಳಲ್ಲಿ ನಡೆಯುತ್ತವೆ. ಗಡಿಯಾಚೆ ಧರ್ಮಸ್ಥಳ ಯೋಜನೆಯ ಕಚೇರಿಗಳಲ್ಲಿ ಮುಂದಿನ ಶಿಬಿರ ಯಾವ ಊರಿನಲ್ಲಿ ಎಂದು ವಿಚಾರಿಸಬಹುದು. ಪ್ರಯಾಣಕ್ಕೆ ಹಣವಿಲ್ಲದವರು ಮೊಬೈಲಿನ ಮೂಲಕ ನಡೆಯುವ ಕೂಟಗಳನ್ನು ಸೇರಬಹುದು, 2020ರ ನಂತರ ಇವು ಬಹಳವಾಗಿವೆ. ಹೋಗುವ ಮುಂಚೆ ವಿಚಾರಿಸಬೇಕಾದುದು ಇಷ್ಟು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ, ಮನೆಯವರೂ ಜೊತೆಗೆ ಕೂಡಬಹುದೇ. ಎಲ್ಲರಿಗೂ ತೆರೆದ ಸಭೆಗಳು ಬೇರೆ, ಸದಸ್ಯರಿಗೆ ಮಾತ್ರ ಮೀಸಲಾದ ಸಭೆಗಳು ಬೇರೆ. ಒಂದು ಸಭೆಯಿಂದ ತೀರ್ಮಾನಕ್ಕೆ ಬರಬಾರದು. ಐದಾರು ವಾರ ಹೋಗಿ ನೋಡಬೇಕು.

ಒಳ್ಳೆಯ ಕೂಟದ ಲಕ್ಷಣಗಳನ್ನೂ ತಿಳಿದಿರಬೇಕು. ಅಲ್ಲಿ ಹಣಕ್ಕೆ ಒತ್ತಾಯವಿರುವುದಿಲ್ಲ. ಫೋಟೋ ತೆಗೆದು ಪ್ರಕಟಿಸುವುದಿಲ್ಲ. ವೈದ್ಯರು ಕೊಟ್ಟ ಔಷಧವನ್ನು ಬಿಡೆಂದು ಹೇಳುವುದಿಲ್ಲ. ಕೆಲವು ಖಾಸಗಿ ಕೇಂದ್ರಗಳಲ್ಲಿ ರೋಗಿಗಳನ್ನು ಕೂಡಿಹಾಕಿ, ಹೊಡೆದು, ಸಂಕೋಲೆ ಹಾಕಿಡುವ ಸುದ್ದಿಗಳು ಆಗಾಗ ಬರುತ್ತವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸಂಕೋಲೆ ಹಾಕುವುದು ನಿಷಿದ್ಧ. ಇಂತಹ ಕೇಂದ್ರಗಳು ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ನೋಡದೆ, ಒಳಗಿನ ಕೋಣೆಗಳನ್ನು ಕಣ್ಣಾರೆ ಕಾಣದೆ ಯಾರನ್ನೂ ಬಿಟ್ಟುಬರಬೇಡಿರಿ.

ಹತ್ತಿರದಲ್ಲಿ ಕೂಟವಿಲ್ಲದಿದ್ದರೆ

ವಾರ ವಾರ ನೂರು ಕಿಲೋಮೀಟರ್ ಹೋಗಿಬರುವುದು ಕೂಲಿಯವನಿಗಾಗಲಿ ಸಣ್ಣ ರೈತನಿಗಾಗಲಿ ಸಾಧ್ಯವಿಲ್ಲ. ಹಾಗಾದರೆ ಕೂಟವನ್ನು ಇಲ್ಲಿಯೇ ಕಟ್ಟಿಕೊಳ್ಳಬೇಕು. ಕಟ್ಟುವುದಕ್ಕೆ ಎಷ್ಟು ಜನ ಬೇಕೆಂದರೆ, ಇಬ್ಬರು ಸಾಕು. ಆಕ್ರನ್ನಿನಲ್ಲಿಯೂ ಇದ್ದವರು ಇಬ್ಬರೇ. ಶಿಬಿರಕ್ಕೋ ಆಸ್ಪತ್ರೆಗೋ ಹೋಗಿ ಬಿಟ್ಟುಬಂದವನೊಬ್ಬನು, ಬಿಡಬೇಕೆಂದು ಹಂಬಲಿಸುವವನೊಬ್ಬನು, ವಾರಕ್ಕೊಂದು ಗೊತ್ತಾದ ಹೊತ್ತು, ಕುಳಿತುಕೊಳ್ಳಲು ಒಂದು ಜಮಖಾನೆ, ಇಷ್ಟು ಒದಗಿದರೆ ಕೂಟ ಆರಂಭವಾಯಿತು. ಪುಢಾರಿಗಳ ಉದ್ಘಾಟನೆ, ಭಾಷಣ, ಫಲಕಗಳು ಬೇಡ. ಬೇಕಾದುದು ಎಂದರೆ, ಮಳೆಯಿರಲಿ ಜಾತ್ರೆಯಿರಲಿ ಆ ಹೊತ್ತಿಗೆ ಬಾಗಿಲು ತೆರೆದಿರುವುದು, ಮತ್ತು ಹತ್ತಿರದ ಸರಕಾರಿ ವೈದ್ಯರೊಬ್ಬರಿಗೆ ಕೂಟದ ವಿಷಯ ತಿಳಿದಿರುವುದು.

ಶಾಲೆಯ ಕೊಠಡಿಗಳು ಭಾನುವಾರ ಸಂಜೆ ಬರಿದಾಗಿರುತ್ತವೆ. ಮಕ್ಕಳ ಓಡಾಟವಿಲ್ಲದ ಆ ಹೊತ್ತಿನಲ್ಲಿ, ಹಿಂದಿನ ಬಾಗಿಲಿರುವ ಒಂದು ಕೊಠಡಿಯನ್ನು ಇಂತಹ ಕೂಟಕ್ಕೆ ಅಲ್ಪ ಬಾಡಿಗೆಗೆ ಕೊಡುವ ವಿಚಾರವನ್ನು ನಮ್ಮ ಸಂಘದ ಆಡಳಿತ ಮಂಡಳಿಯವರು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಬಾಡಿಗೆ ಏಕೆಂದರೆ, ತಮ್ಮ ಖರ್ಚನ್ನು ತಾವೇ ನಡೆಸಿಕೊಂಡವರಿಗೆ ತಮ್ಮ ಕಾಲ ಮೇಲೆ ತಾವು ನಿಂತ ಧೈರ್ಯ ಬರುತ್ತದೆ. ಬರುವವರ ಹೆಸರು ಯಾವ ಪುಸ್ತಕದಲ್ಲಿಯೂ ದಾಖಲಾಗಬೇಕಾಗಿಲ್ಲ.

ಮಾನ್ಯ ಪೋಷಕರೇ, ಈ ಲೇಖನವನ್ನು ಓದಿ ಮಡಿಸಿಡುವ ಮೊದಲು 14446 ಎಂಬ ಸಂಖ್ಯೆಯನ್ನು ಅಡಿಗೆಮನೆಯ ಪಂಚಾಂಗದ ಮೂಲೆಯಲ್ಲಿ ಬರೆದಿಡಿರಿ. ನಿಮಗೆ ಬೇಕಾಗದೆ ಹೋಗಬಹುದು. ಪಕ್ಕದ ಮನೆಯವರಿಗೆ ಬೇಕಾದೀತು. ಕುಡಿಯುವವನೊಬ್ಬನು "ಬಿಡಬೇಕೆಂದಿದ್ದೇನೆ" ಎಂದು ನಿಮ್ಮೆದುರು ಬಾಯಿಬಿಟ್ಟಾಗ, ಆಣೆ ಮಾಡಿಸಲು ಹೋಗಬೇಡಿರಿ. ಮರುದಿನ ಬೆಳಿಗ್ಗೆ ಅವನೊಡನೆ ಆಸ್ಪತ್ರೆಯವರೆಗೆ ನಡೆದು ಹೋಗಿರಿ. ಅವನ ತಲೆಹೊರೆ ಹಗುರಾಗುವುದು ಅಲ್ಲಿಂದಲೇ.